ಲಡಾಖ್‌ನ ಹಾಸ್ಟೆಲ್ ಶಾಲೆಗೆ ಸ್ವಯಂಸೇವಕರಾಗಿ ಹೋಗಬೇಕೆನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ನಾನು ಲಡಾಖ್‌ನ ಒಂದು ಹಾಸ್ಟೆಲ್ ಶಾಲೆಗೆ ಹೋಗಿ ಬರುತ್ತಿದ್ದೇನೆ. ದಾನದ ಹಣದಲ್ಲಿ ನಡೆಯುವ ಶಾಲೆ. ಹೋಗಿ ಬಂದಾಗಲೆಲ್ಲ ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಒಬ್ಬೊಬ್ಬರಿಗೂ ಅವಸರದಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಸರಿಯಾಗಿ ಬರೆದಿಟ್ಟಿದ್ದೇನೆ.

ಇದು ಅನಾಥಾಶ್ರಮವಾ?

ಅಲ್ಲ. ಎಲ್ಲರೂ ಮೊದಲು ತಪ್ಪು ತಿಳಿಯುವುದು ಇಲ್ಲೇ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪ ಅಮ್ಮ ಇದ್ದಾರೆ, ಅಜ್ಜ ಅಜ್ಜಿ ಇದ್ದಾರೆ, ಹೊಲ ಮನೆ ಇದೆ. ಇಲ್ಲದಿರುವುದು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಶಾಲೆ.

ಲಡಾಖ್ ಸುಮಾರು 59,000 ಚದರ ಕಿಲೋಮೀಟರ್ ಹರಡಿಕೊಂಡಿದೆ. 2011ರ ಜನಗಣತಿಯಲ್ಲಿ ಅಲ್ಲಿ ಇದ್ದವರು ಸುಮಾರು 2.74 ಲಕ್ಷ ಜನ. ಅಂದರೆ ಒಂದು ಚದರ ಕಿಲೋಮೀಟರ್‌ಗೆ ಐದು ಜನವೂ ಇಲ್ಲ. ಒಂದು ಹಳ್ಳಿ ಅಂದರೆ ಕೆಲವೊಮ್ಮೆ ಹತ್ತು ಹನ್ನೆರಡು ಮನೆ. ಅಲ್ಲಿ ಪ್ರಾಥಮಿಕ ಶಾಲೆ ಇದ್ದರೂ ಆರನೇ ಕ್ಲಾಸಿಗೋ ಒಂಬತ್ತನೇ ಕ್ಲಾಸಿಗೋ ಬೇರೆ ಊರಿಗೆ ಹೋಗಲೇಬೇಕು. ಆ ಬೇರೆ ಊರು ಒಂದು ಕಣಿವೆ ದಾಟಿ ಇರುತ್ತದೆ. ಚಳಿಗಾಲದಲ್ಲಿ ಆ ದಾರಿ ಹಿಮದಡಿ ಮುಚ್ಚಿರುತ್ತದೆ.

ಪೂರ್ವಕ್ಕೆ ಚಾಂಗ್‌ಥಾಂಗ್ ಬಯಲಿದೆ. ಅಲ್ಲಿನ ಚಾಂಗ್ಪಾ ಜನ ಪಶ್ಮಿನಾ ಮೇಕೆ, ಕುರಿ, ಯಾಕ್ ಹೊಡೆದುಕೊಂಡು ಹುಲ್ಲು ಇರುವ ಕಡೆ ಹೋಗುತ್ತಿರುತ್ತಾರೆ. ಯಾಕ್ ಕೂದಲಿನಲ್ಲಿ ನೇಯ್ದ ರೇಬೋ ಅನ್ನುವ ಡೇರೆಯೇ ಮನೆ. ಮನೆಯೇ ಊರಿಂದ ಊರಿಗೆ ಹೋಗುವಾಗ ಮಗು ಯಾವ ಶಾಲೆಗೆ ಹೋಗಬೇಕು? ಅದಕ್ಕೇ ಪುಗಾದಲ್ಲಿ ಸರ್ಕಾರವೇ ಅಲೆಮಾರಿ ಕುಟುಂಬಗಳ ಮಕ್ಕಳಿಗಾಗಿ ವಸತಿ ಶಾಲೆ ನಡೆಸುತ್ತದೆ. ಸರ್ಕಾರಿ ವ್ಯವಸ್ಥೆ ಮುಟ್ಟದ ಕಡೆ ದಾನದಿಂದ ನಡೆಯುವ ಶಾಲೆಗಳಿವೆ.

ಆದ್ದರಿಂದ ಪಾಪ ಅನ್ನುವ ಕಣ್ಣಿನಿಂದ ಆ ಮಕ್ಕಳನ್ನು ನೋಡಬೇಡಿ. ಅವರನ್ನು ಯಾರೂ ಬಿಟ್ಟು ಹೋಗಿಲ್ಲ. ಓದಲಿ ಎಂದು ಎದೆ ಗಟ್ಟಿ ಮಾಡಿಕೊಂಡು ಕಳಿಸಿದ್ದಾರೆ.

ಶಾಲೆಯ ಹೆಸರು ಯಾಕೆ ಬರೆದಿಲ್ಲ?

ಹೆಸರು ಬರೆದರೆ ಜೂನ್‌ನಲ್ಲಿ ಬೈಕ್ ನಿಲ್ಲಿಸಿ, ಚಾಕೊಲೇಟ್ ಹಂಚಿ, ಫೋಟೋ ತೆಗೆದುಕೊಂಡು ಹೋಗುವವರು ಇನ್ನೂ ಜಾಸ್ತಿಯಾಗುತ್ತಾರೆ. ನಿಜವಾಗಿ ಕೆಲಸ ಮಾಡುವವರಿಗೆ ಶಾಲೆ ಸಿಕ್ಕೇ ಸಿಗುತ್ತದೆ. ಇಲ್ಲಿ ಬರೆದಿರುವುದು ಒಂದೇ ಶಾಲೆಗೆ ಸೇರಿದ್ದೂ ಅಲ್ಲ. ಲಡಾಖ್‌ನದೇ ಝನ್‌ಸ್ಕಾರ್, ಹಿಮಾಚಲದ ಸ್ಪಿತಿಯಂಥ ಕಡೆಗಳಿಗೂ ಬಹುಪಾಲು ಹೊಂದುತ್ತದೆ.

ಎಷ್ಟು ದಿನ ಇರಬೇಕು? ನನಗೆ ಸಿಗುವುದು ಹತ್ತು ದಿನದ ರಜೆ.

ಮೊದಲ ವರ್ಷ ನಾನು ಹೋದ ದಿನ ಸಂಜೆ ಒಬ್ಬ ಪುಟ್ಟ ಹುಡುಗಿ ಬಂದು ಪಕ್ಕ ಕೂತಳು. ಆರೇಳು ವರ್ಷ ಇರಬಹುದು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಹಿಂದಿಯಲ್ಲಿ ಅವಳು ಕೇಳಿದ ಮೊದಲ ಮಾತು, "ನೀವು ಯಾವಾಗ ಹೋಗ್ತೀರಿ?"

ನಾನು ಗಲಿಬಿಲಿಗೊಂಡೆ. ಆಮೇಲೆ ಗೊತ್ತಾಯಿತು, ಅಲ್ಲಿ ಎಲ್ಲ ಮಕ್ಕಳೂ ಹೊಸಬರಿಗೆ ಅದನ್ನೇ ಕೇಳುತ್ತಾರೆ. ಎಷ್ಟು ಮನಸ್ಸು ಕೊಡಬೇಕು ಎಂದು ಅವರು ಲೆಕ್ಕ ಹಾಕಿಕೊಳ್ಳುತ್ತಿರುತ್ತಾರೆ. ಐದಾರು ವರ್ಷಕ್ಕೇ ಅಮ್ಮನನ್ನು ಬಿಟ್ಟು ಬಂದ ಮಗು ಅದು. ಅದರ ಮುಂದೆ ಪ್ರತಿ ಬೇಸಿಗೆಯಲ್ಲೂ ಹೊಸ ಅಕ್ಕ, ಹೊಸ ಅಣ್ಣ ಬರುತ್ತಾರೆ. ಎತ್ತಿಕೊಳ್ಳುತ್ತಾರೆ, ಮುದ್ದು ಮಾಡುತ್ತಾರೆ, ಮತ್ತೆ ಬರ್ತೀನಿ ಅನ್ನುತ್ತಾರೆ. ಬರುವುದಿಲ್ಲ. ಹೀಗೆ ಹತ್ತು ಸಲ ಆದ ಮೇಲೆ ಆ ಮಗುವಿನೊಳಗೆ ಏನಾಗಬಹುದು ಎಂದು ಯೋಚಿಸಿ.

ಹಾಗಾಗಿ ನನ್ನ ಉತ್ತರ ಎರಡು ಥರ ಇದೆ. ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡಬೇಕು ಅಂದರೆ ಕನಿಷ್ಠ ಎರಡು ತಿಂಗಳು ಇರಿ, ಅಥವಾ ಪ್ರತಿ ವರ್ಷ ಅದೇ ಶಾಲೆಗೆ ಅದೇ ಹೊತ್ತಿಗೆ ಹೋಗಿ. ಹತ್ತೇ ದಿನ ಇದೆ ಅಂದರೆ ಮಕ್ಕಳ ಜೊತೆಗಿನ ಕೆಲಸ ಬೇಡ, ಶಾಲೆಯ ಕೆಲಸ ಮಾಡಿ. ಸೋಲಾರ್ ವೈರಿಂಗ್ ನೋಡಬಹುದು. ಲೆಕ್ಕಪತ್ರ ಕಂಪ್ಯೂಟರ್‌ಗೆ ಹಾಕಬಹುದು. ಲೈಬ್ರರಿ ಪುಸ್ತಕಗಳನ್ನು ಓದಿನ ಮಟ್ಟ ನೋಡಿ ಜೋಡಿಸಬಹುದು. ಅಲ್ಲಿನ ಟೀಚರ್‌ಗಳಿಗೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಕಲಿಸಬಹುದು. ಟೀಚರ್ ಅಲ್ಲೇ ಇರುತ್ತಾರಲ್ವಾ, ನೀವು ಕಲಿಸಿದ್ದು ಅವರ ಜೊತೆ ಉಳಿಯುತ್ತದೆ.

ಇನ್ನೊಂದು ಮಾತು. ಖಚಿತವಿಲ್ಲದಿದ್ದರೆ "ಮತ್ತೆ ಬರ್ತೀನಿ" ಅನ್ನಬೇಡಿ. ಹೋಗುವ ದಿನವನ್ನು ಮೊದಲ ದಿನವೇ ನಿಜವಾಗಿ ಹೇಳಿ. ಕೊನೆಯ ದಿನ ಎಲ್ಲರಿಗೂ ಹೇಳಿಯೇ ಹೊರಡಿ. ಮಕ್ಕಳು ಮಲಗಿರುವಾಗ ಸದ್ದಿಲ್ಲದೆ ಹೊರಡುವುದು ನಮಗೆ ಸುಲಭ. ಬೆಳಿಗ್ಗೆ ಎದ್ದ ಮಗುವಿಗೆ ಅದು ತುಂಬ ಕಷ್ಟ.

ಯಾವ ತಿಂಗಳು ಹೋದರೆ ಒಳ್ಳೆಯದು?

ಎಲ್ಲರೂ ಜುಲೈ, ಆಗಸ್ಟ್‌ನಲ್ಲಿ ಹೋಗುತ್ತಾರೆ. ಆಗ ಶಾಲೆಗೆ ಬೇಕಾದ್ದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಕೆಲವು ಶಾಲೆಗಳಿಗೆ ಆಗ ಬೇಸಿಗೆ ರಜೆಯೂ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ಪ್ರವಾಸಿಗಳು ಇಳಿದು ಹೋಗುತ್ತಾರೆ. ಪರೀಕ್ಷೆಯ ತಯಾರಿ, ಚಳಿಗಾಲಕ್ಕೆ ತರಕಾರಿ ಒಣಗಿಸುವ, ಹೂತಿಡುವ ಕೆಲಸ, ಒಡೆದ ಕಿಟಕಿ ಸರಿ ಮಾಡುವುದು, ಎಲ್ಲ ಒಟ್ಟಿಗೆ ಬರುವುದು ಆಗಲೇ. ನಿಮಗೆ ಆಯ್ಕೆ ಇದ್ದರೆ ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳಿ. ಮೇ ತಿಂಗಳೂ ಒಳ್ಳೆಯದು.

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ದೊಡ್ಡ ರಜೆ. ಲೇಹ್‌ನಲ್ಲೇ ರಾತ್ರಿ ಸೊನ್ನೆಗಿಂತ 15-20 ಡಿಗ್ರಿ ಕೆಳಗೆ ಹೋಗುವುದುಂಟು. ಮಕ್ಕಳು ಮನೆಗೆ ಹೋಗಿರುತ್ತಾರೆ. ಹೋಗಲಾಗದ ಕೆಲವರು ಹಾಸ್ಟೆಲ್‌ನಲ್ಲೇ ಉಳಿಯುತ್ತಾರೆ. ಆದರೆ ಮೊದಲ ಸಲ ಹೋಗುವವರು ಚಳಿಗಾಲದಲ್ಲಿ ಹೋಗುವುದು ಬೇಡ.

ನಾನು ಟೀಚರ್ ಅಲ್ಲ. ಏನು ಮಾಡಲಿ?

ಟೀಚರ್ ಅಲ್ಲದಿದ್ದರೆ ಕ್ಲಾಸ್ ತೆಗೆದುಕೊಳ್ಳಬೇಡಿ, ಅಷ್ಟೇ. ಕಾಯಂ ಟೀಚರ್‌ನನ್ನು ಪಕ್ಕಕ್ಕೆ ಕೂರಿಸಿ ಸ್ವಯಂಸೇವಕರು ಪಾಠ ಮಾಡುವುದನ್ನು ನಾನು ನೋಡಿದ್ದೇನೆ. ಮಕ್ಕಳಿಗೆ ಮಜಾ. ಆದರೆ ಅವರು ಹೋದ ಮೇಲೆ ಸಿಲಬಸ್ ಅರ್ಧಕ್ಕೆ ನಿಂತಿರುತ್ತದೆ. ನಮ್ಮ ಟೀಚರ್‌ಗಿಂತ ಹೊರಗಿನವರೇ ಮೇಲು ಅನ್ನುವ ಭಾವನೆಯೂ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಅದೊಂದು ದೊಡ್ಡ ನಷ್ಟ.

ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ. ಹಾಸ್ಟೆಲ್ ಶಾಲೆಯಲ್ಲಿ ದಿನ ಅಂದರೆ ಬರೀ ಕ್ಲಾಸ್ ಅಲ್ಲ. ಸಾಯಂಕಾಲ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಐದು ಗಂಟೆ ಇದೆ. ನೂರು ಮಕ್ಕಳಿಗೆ ವಾರ್ಡನ್ ಒಬ್ಬರೋ ಇಬ್ಬರೋ. ಮನೆಯಲ್ಲಿದ್ದರೆ ಆ ಹೊತ್ತಿನಲ್ಲಿ ಯಾರೋ ಪಕ್ಕ ಕೂತು ಲೆಕ್ಕ ಹೇಳಿಕೊಡುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು, ಕಿತ್ತುಹೋದ ಗುಂಡಿ ಹಾಕಿಕೊಡುತ್ತಿದ್ದರು. ಅದೇ ಕೆಲಸ ನಿಮ್ಮದು. ಗಟ್ಟಿಯಾಗಿ ಕಥೆ ಓದಿ ಹೇಳುವುದು ನಾನು ನೋಡಿದಂತೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಕೆಲಸ. ಮನೆಯಲ್ಲಿ ಲಡಾಖಿ, ಆಟಕ್ಕೆ ಹಿಂದಿ, ಪಾಠದ ಪುಸ್ತಕ ಇಂಗ್ಲಿಷ್, ಹೀಗೆ ಮೂರು ಭಾಷೆಯ ನಡುವೆ ಬೆಳೆಯುವ ಮಕ್ಕಳು ಅವರು. ಇಂಗ್ಲಿಷ್ ಸಾಲು ಓದುತ್ತಾರೆ, ಅರ್ಥ ಆಗಿರುವುದಿಲ್ಲ. ಪ್ರತಿ ರಾತ್ರಿ ಅರ್ಧ ಗಂಟೆ ಒಂದೇ ಪುಸ್ತಕವನ್ನು ಓದಿ, ನಿಲ್ಲಿಸಿ, "ಈಗೇನಾಯ್ತು ಹೇಳಿ?" ಎಂದು ಕೇಳುತ್ತಾ ಹೋದರೆ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಅಡುಗೆಮನೆಯನ್ನು ಮರೆಯಬೇಡಿ. ಅಷ್ಟೊಂದು ಜನಕ್ಕೆ ಹಿಟ್ಟು ಕಲಸುವವರಿಗೆ ಎರಡು ಕೈ ಜಾಸ್ತಿ ಸಿಕ್ಕರೆ ಅದು ದೊಡ್ಡ ಸಹಾಯ. ಊರಿನ ಸುದ್ದಿ, ಯಾವ ಮಗು ಊಟ ಬಿಡುತ್ತಿದೆ, ಯಾರ ಮನೆಯಲ್ಲಿ ಏನು ಕಷ್ಟ, ಇದೆಲ್ಲ ತಿಳಿಯುವುದೂ ಅಡುಗೆಮನೆಯಲ್ಲೇ.

ಡಾಕ್ಟರ್, ದಂತವೈದ್ಯರು ಬಂದರೆ ಶಾಲೆಗಳಿಗೆ ತುಂಬ ಖುಷಿ. ಆದರೆ ಒಂದು ದಿನದ ಕ್ಯಾಂಪ್ ಮಾಡಿ ಮಾತ್ರೆ ಕೊಟ್ಟು ಹೋಗಬೇಡಿ. ಲೇಹ್‌ನಲ್ಲಿ ಎಸ್‌ಎನ್‌ಎಂ ಜಿಲ್ಲಾ ಆಸ್ಪತ್ರೆ ಇದೆ. ಅಲ್ಲಿನವರ ಜೊತೆ ಮೊದಲೇ ಮಾತಾಡಿದರೆ ನೀವು ಹೋದ ಮೇಲೂ ಮಗುವನ್ನು ನೋಡುವವರು ಇರುತ್ತಾರೆ.

ಭಾಷೆ ಬರದಿದ್ದರೆ?

ಹಿಂದಿ ಸಾಕಾಗುತ್ತದೆ. ದೊಡ್ಡ ಮಕ್ಕಳ ಜೊತೆ ಇಂಗ್ಲಿಷ್ ನಡೆಯುತ್ತದೆ. ಆದರೆ ಲಡಾಖಿಯ ನಾಲ್ಕು ಮಾತು ಕಲಿತು ಹೋಗಿ. ನಮಸ್ಕಾರಕ್ಕೂ, ಥ್ಯಾಂಕ್ಸ್‌ಗೂ, ಹೋಗಿ ಬರ್ತೀನಿ ಅನ್ನುವುದಕ್ಕೂ "ಜುಲೇ" ಒಂದೇ ಪದ.

ಕನ್ನಡದವರಿಗೆ ಒಂದು ವಿಷಯ ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ಯಾರನ್ನಾದರೂ "ಲೇ" ಅಂದರೆ ಜಗಳ ಬರುತ್ತದೆ ಇಲ್ಲವೇ ಅಷ್ಟು ಸಲಿಗೆ ಇರಬೇಕು. ಅಲ್ಲಿ ಅದೇ "ಲೇ" ಮರ್ಯಾದೆಯ ಮಾತು. ಅಮ್ಮನಿಗೆ ಅಮಾ-ಲೇ, ಅಪ್ಪನಿಗೆ ಅಬಾ-ಲೇ, ಅಣ್ಣನಿಗೆ ಅಚೋ-ಲೇ, ಅಕ್ಕನಿಗೆ ಅಚೆ-ಲೇ. ಹೆಸರಿನ ಕೊನೆಗೂ ಸೇರಿಸುತ್ತಾರೆ. ಮೊದಲ ವಾರ ನನ್ನ ನಾಲಿಗೆ ಏಳಲಿಲ್ಲ. ಲೇ ಸೇರಿಸದೆ ಸುಮ್ನೆ ಹೆಸರು ಕರೆದರೆ ಅಲ್ಲಿ ಒರಟಾಗಿ ಕೇಳಿಸುತ್ತದೆ ಎಂದು ತಿಳಿದ ಮೇಲೆ ರೂಢಿ ಮಾಡಿಕೊಂಡೆ. ಇನ್ನು ಕಾರ್ಗಿಲ್ ಕಡೆ ಹೋದರೆ ಪುರ್ಗಿ, ಬಾಲ್ಟಿ, ದ್ರಾಸ್‌ನಲ್ಲಿ ಶೀನಾ ಮಾತಾಡುವವರಿದ್ದಾರೆ. ಲಡಾಖ್ ಅಂದರೆ ಒಂದೇ ಭಾಷೆ, ಒಂದೇ ಧರ್ಮ ಅಂದುಕೊಂಡು ಹೋಗಬೇಡಿ. ಬೌದ್ಧ ಮಕ್ಕಳೂ ಮುಸ್ಲಿಂ ಮಕ್ಕಳೂ ಒಂದೇ ಕೋಣೆಯಲ್ಲಿ ಮಲಗುವ ಹಾಸ್ಟೆಲ್‌ಗಳಿವೆ.

ಎತ್ತರದ ಕಾಯಿಲೆ ನಿಜವಾ? ನಾನು ದಿನಾ ಓಡುತ್ತೇನೆ, ಫಿಟ್ ಆಗಿದ್ದೇನೆ.

ನಿಜ. ಫಿಟ್ ಆಗಿರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ದಯವಿಟ್ಟು ಗಂಭೀರವಾಗಿ ಓದಿ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್‌ನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರನೇ ಎರಡರಷ್ಟು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯಂತೆ ನೂರಕ್ಕೆ 21. ಆದರೆ ಗಾಳಿಯೇ ತೆಳುವಾದ್ದರಿಂದ ಪ್ರತಿ ಉಸಿರಿನಲ್ಲೂ ಒಳಗೆ ಹೋಗುವುದು ಕಮ್ಮಿ. ದೇಹ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು.

ವಿಮಾನದಲ್ಲಿ ಇಳಿದರೆ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಮಲಗಿ, ನೀರು ಕುಡಿಯಿರಿ, ನಿಧಾನವಾಗಿ ಓಡಾಡಿ. ಮದ್ಯ ಬೇಡ, ನಿದ್ರೆ ಮಾತ್ರೆ ಬೇಡ. ತಲೆನೋವು, ವಾಕರಿಕೆ, ಹಸಿವಾಗದಿರುವುದು, ನಿದ್ರೆ ಬಾರದಿರುವುದು ಸಾಮಾನ್ಯ. ಸಾಮಾನ್ಯವಾಗಿ ಇಳಿದ ಕೆಲವು ಗಂಟೆಗಳ ಮೇಲೆ ಶುರುವಾಗುತ್ತದೆ. ಅದು ಪೂರ್ತಿ ಹೋಗುವವರೆಗೆ ಇನ್ನೂ ಮೇಲೆ ಹತ್ತಬೇಡಿ. ಸುಮ್ಮನೆ ಕೂತಿದ್ದಾಗಲೂ ಉಸಿರು ಹತ್ತುತ್ತಿದ್ದರೆ, ಕೆಮ್ಮಿನ ಜೊತೆ ನೊರೆ ಬಂದರೆ, ನಡೆಯುವಾಗ ತೂರಾಡಿದರೆ, ಮಾತು ಅಸಂಬದ್ಧವಾದರೆ ಅದು ಪ್ರಾಣಾಪಾಯ. ಬೆಳಗಾಗಲಿ ಎಂದು ಕಾಯಬಾರದು. ತಕ್ಷಣ ಆಸ್ಪತ್ರೆಗೆ ಹೋಗಬೇಕು, ಸಾಧ್ಯವಾದಷ್ಟು ಬೇಗ ಕೆಳಗೆ ಇಳಿಯಬೇಕು. ಅಸೆಟಜೋಲಮೈಡ್ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳುವವರಿದ್ದಾರೆ. ಅದನ್ನು ಡಾಕ್ಟರ್ ಕೇಳದೆ ನುಂಗಬೇಡಿ. ಸಲ್ಫಾ ಔಷಧಿ ಅಲರ್ಜಿ ಇರುವವರು ಇನ್ನೂ ಎಚ್ಚರಿಕೆಯಿಂದಿರಿ.

ಮೊದಲ ವರ್ಷ ನಾನು ಇಳಿದ ಮಧ್ಯಾಹ್ನವೇ ಮಕ್ಕಳ ಜೊತೆ ಫುಟ್‌ಬಾಲ್ ಆಡಿದೆ. ಆಮೇಲೆ ಎರಡು ದಿನ ಹಾಸಿಗೆ ಹಿಡಿದೆ. ಮೊದಲೇ ನೂರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ವಾರ್ಡನ್ ಅಮಾ-ಲೇ ರಾತ್ರಿಯೆಲ್ಲ ನನ್ನ ಪಕ್ಕ ಕೂತಿದ್ದರು. ಸಹಾಯಕ್ಕೆ ಎಂದು ಹೋಗಿ ಅವರ ನಿದ್ರೆ ಕೆಡಿಸಿದೆನಲ್ಲ ಎನ್ನುವುದು ಇವತ್ತಿಗೂ ನೋಯಿಸುತ್ತದೆ.

ವಿಮಾನವಾ, ರಸ್ತೆಯಾ?

ಸಮಯ ಇದ್ದರೆ ಶ್ರೀನಗರದಿಂದ ರಸ್ತೆಯಲ್ಲಿ ಹೋಗಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700 ಮೀಟರ್. ಕಾರ್ಗಿಲ್‌ನಲ್ಲಿ ರಾತ್ರಿ ತಂಗಿದರೆ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತೀರಿ. ಮನಾಲಿ ದಾರಿಯಲ್ಲಿ 2020ರಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿದೆ. ಆದರೆ ಮುಂದೆ ಬಾರಾಲಾಚಾ, ತಂಗ್‌ಲಂಗ್‌ನಂಥ ಕಣಿವೆದಾರಿಗಳನ್ನು ದಾಟಬೇಕು. ಸರ್ಚುವಿನಲ್ಲಿ ಮಲಗಿದರೆ ಅದು 4,200 ಮೀಟರ್ ದಾಟಿದ ಜಾಗ. ಲೇಹ್‌ಗಿಂತ ಎತ್ತರ. ಹೊಸಬರಿಗೆ ಅದು ಕಷ್ಟದ ರಾತ್ರಿ. ಎರಡೂ ರಸ್ತೆಗಳು ಹಿಮ ಬಿದ್ದಾಗ ಮುಚ್ಚುತ್ತವೆ.

ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಇಳಿಯುತ್ತವೆ. ಹವಾಮಾನ ಕೆಟ್ಟರೆ ರದ್ದಾಗುತ್ತವೆ. ವಾಪಸ್ ಬರುವ ದಿನಕ್ಕೂ ನಿಮ್ಮ ಆಫೀಸ್ ಶುರುವಾಗುವ ದಿನಕ್ಕೂ ನಡುವೆ ಎರಡು ದಿನ ಬಿಡಿ.

ಪರ್ಮಿಟ್ ಬೇಕಾ? ಫೋನ್ ಸಿಗುತ್ತಾ?

ಲೇಹ್ ಪಟ್ಟಣಕ್ಕೆ ಭಾರತೀಯರಿಗೆ ಪರ್ಮಿಟ್ ಬೇಡ. ಗಡಿ ಹತ್ತಿರದ ಕಡೆಗಳಿಗೆ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಲೇಹ್ ಜಿಲ್ಲಾಡಳಿತದ ಪ್ರಕಟಣೆ ನೋಡಿ. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ, ಒಸಿಐ ಕಾರ್ಡ್ ಇದ್ದರೂ, ಅಂಥ ಕಡೆಗಳಿಗೆ ಬೇರೆ ಅನುಮತಿ ಬೇಕು. ಫೋನ್ ವಿಷಯಕ್ಕೆ ಬಂದರೆ, ಹೊರಗಿನ ಪ್ರಿಪೇಯ್ಡ್ ಸಿಮ್ ನಂಬಿ ಹೋಗಬೇಡಿ. ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಹಳ್ಳಿಯಲ್ಲಿ ಅದೂ ಇರುತ್ತೆ, ಹೋಗುತ್ತೆ.

ಊಟ, ನೀರು, ಶೌಚಾಲಯ ಹೇಗೆ?

ಅನ್ನ, ಬೇಳೆ, ಆಲೂಗಡ್ಡೆ ದಿನಾ ಇರುತ್ತದೆ. ಥುಕ್ಪಾ ಅನ್ನುವ ನೂಡಲ್ಸ್ ಸಾರು, ಸ್ಕ್ಯೂ ಅನ್ನುವ ಹಿಟ್ಟಿನ ತುಂಡುಗಳ ಸಾರು, ಖಂಬೀರ್ ರೊಟ್ಟಿ, ಉಪ್ಪು ಬೆಣ್ಣೆ ಹಾಕಿದ ಗುರ್‌ಗುರ್ ಚಹಾ. ಮಕ್ಕಳ ಜೊತೆ ಕೂತು ಮಕ್ಕಳದ್ದೇ ಊಟ ಮಾಡಿ. ನಿಮಗೆ ಎಂದು ಬೇರೆ ಅಡುಗೆ ಮಾಡಿಸಿಕೊಳ್ಳಬೇಡಿ.

ನೀರು ಅಲ್ಲಿ ಹಿಮ ಕರಗಿ ಬರುವ ಆಸ್ತಿ. ಮಳೆ ತೀರಾ ಕಮ್ಮಿ. ದಿನಾ ತಲೆಗೆ ಸ್ನಾನ ಅನ್ನುವುದನ್ನು ಬಿಟ್ಟು ಹೋಗಿ. ವಾರಕ್ಕೊಂದು ಸಲ ಒಂದು ಬಕೆಟ್ ಬಿಸಿ ನೀರು ಸಿಕ್ಕರೆ ಅದೇ ದೊಡ್ಡದು. ಹಳ್ಳಿ ಕಡೆ ಒಣ ಶೌಚಾಲಯ ಇರುತ್ತದೆ. ನೀರು ಹಾಕುವುದಿಲ್ಲ, ಮಣ್ಣು ಬೂದಿ ಹಾಕುತ್ತಾರೆ, ಕೆಳಗೆ ಗೊಬ್ಬರವಾಗಿ ಹೊಲ ಸೇರುತ್ತದೆ. ಎರಡು ದಿನ ಮುಜುಗರ, ಆಮೇಲೆ ಇದೇ ಸರಿಯಾದ ಪದ್ಧತಿ ಅನಿಸುತ್ತದೆ.

ಮಕ್ಕಳ ಫೋಟೋ ಹಾಕಬಹುದಾ?

ಬೇಡ. ಶಾಲೆ ಒಪ್ಪಿ, ಮನೆಯವರು ಒಪ್ಪಿ, ಮಗುವೂ ಒಪ್ಪಿದ್ದರೆ ಮಾತು ಬೇರೆ. ಮೂಗು ಸೋರುತ್ತಿರುವ, ಕೆನ್ನೆ ಒಡೆದ ಮಗುವಿನ ಮುಖವನ್ನು ಸಾವಿರಾರು ಜನರಿಗೆ ತೋರಿಸುವ ಹಕ್ಕು ನಮಗೆ ಯಾರು ಕೊಟ್ಟರು? ನಾಳೆ ಅದೇ ಮಗು ದೊಡ್ಡದಾಗಿ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಫೋಟೋ ಎಲ್ಲೋ ಇದ್ದೇ ಇರುತ್ತದೆ.

ಉಳಿದ ನಿಯಮಗಳನ್ನೂ ಇಲ್ಲೇ ಹೇಳುತ್ತೇನೆ. ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಮಕ್ಕಳ ಮಲಗುವ ಕೋಣೆಗೆ ವಾರ್ಡನ್ ಇಲ್ಲದೆ ಹೋಗಬಾರದು. ಒಂದೇ ಮಗುವಿಗೆ ಉಡುಗೊರೆ ಕೊಡಬಾರದು. ದೊಡ್ಡ ಮಕ್ಕಳ ಜೊತೆ ಫೋನ್‌ನಲ್ಲಿ ಖಾಸಗಿ ಚಾಟ್ ಬೇಡ. ನನ್ನ ಮೇಲೇ ಅನುಮಾನವಾ ಎಂದು ಬೇಜಾರು ಮಾಡಿಕೊಳ್ಳಬೇಡಿ. ಪೊಲೀಸ್ ಪರಿಶೀಲನೆ ಪತ್ರ, ಪರಿಚಯದ ಇಬ್ಬರ ಪತ್ರ ಕೇಳುವ ಶಾಲೆ ಒಳ್ಳೆಯ ಶಾಲೆ. ಏನೂ ಕೇಳದೆ ನಾಳೆಯೇ ಬನ್ನಿ ಅನ್ನುವ ಕಡೆ ನನಗೆ ಮಕ್ಕಳ ಬಗ್ಗೆ ಭಯವಾಗುತ್ತದೆ.

ಮಗುವಿಗೆ ಯಾರಿಂದಲೋ ತೊಂದರೆ ಆಗುತ್ತಿದೆ ಅನಿಸಿದರೆ?

ಸುಮ್ಮನಿರಬೇಡಿ. ಮಗುವನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಲೂ ಬೇಡಿ. ಅದು ಹೇಳಿದ್ದನ್ನು ಅದರದೇ ಮಾತಲ್ಲಿ ಬರೆದಿಟ್ಟುಕೊಳ್ಳಿ. ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಲೈಂಗಿಕ ಕಿರುಕುಳದ ಅನುಮಾನ ಇದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಶಾಲೆಯ ಹೆಸರು ಕೆಡುತ್ತದೆ ಎಂದು ಯಾರು ತಡೆದರೂ ನಿಲ್ಲಿಸಬೇಡಿ. ಮಕ್ಕಳ ಸಹಾಯವಾಣಿ 1098.

ಹಳೇ ಬಟ್ಟೆ, ಪುಸ್ತಕ, ಲ್ಯಾಪ್‌ಟಾಪ್ ಕಳಿಸಬಹುದಾ?

ಕಳಿಸುವ ಮುಂಚೆ ಫೋನ್ ಮಾಡಿ ಏನು ಬೇಕು ಎಂದು ಕೇಳಿ. ಇಷ್ಟು ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಒಂದು ವರ್ಷ ಯಾರೋ ಒಳ್ಳೆಯ ಮನಸ್ಸಿನಿಂದ ಮೂಟೆಗಟ್ಟಲೆ ಬಟ್ಟೆ ಕಳಿಸಿದ್ದರು. ಬಿಚ್ಚಿದರೆ ತೆಳು ಕಾಟನ್ ಫ್ರಾಕ್, ಗುಂಡಿ ಇಲ್ಲದ ಶರ್ಟು, ಒಂದೇ ಕಾಲಿನ ಶೂ. ಅವುಗಳನ್ನು ಬೇರ್ಪಡಿಸಲು ಇಬ್ಬರು ಟೀಚರ್‌ಗಳಿಗೆ ಮೂರು ದಿನ ಬೇಕಾಯಿತು. ಉಪಯೋಗಕ್ಕೆ ಬಾರದ್ದನ್ನು ಎಲ್ಲಿ ಎಸೆಯುವುದು? ಆ ಒಣ ನೆಲದಲ್ಲಿ ಕಸ ಕೊಳೆಯುವುದೇ ಇಲ್ಲ. ಲೇಹ್‌ನ ಹೆಂಗಸರು 1998ರಲ್ಲೇ ಪ್ಲಾಸ್ಟಿಕ್ ಚೀಲ ನಿಲ್ಲಿಸಲು ಹೋರಾಡಿದ ಊರು ಅದು. ನಾವು ಅಲ್ಲಿಗೆ ಕಸ ಕಳಿಸಬಾರದು ಅಲ್ವಾ?

ಕೆಲಸಕ್ಕೆ ಬರುವುದೇನು ಗೊತ್ತಾ? ಹೊಸ ಉಣ್ಣೆ ಸಾಕ್ಸ್, ಥರ್ಮಲ್ ಒಳಉಡುಪು, ಗಟ್ಟಿ ಶೂ, ಹುಡುಗಿಯರಿಗೆ ಒಗೆದು ಬಳಸುವ ಪ್ಯಾಡ್, ತುಟಿಗೆ ಹಚ್ಚುವ ಮುಲಾಮು. ಇವನ್ನೂ ಸಾಧ್ಯವಾದರೆ ಲೇಹ್ ಮಾರುಕಟ್ಟೆಯಲ್ಲೇ ಕೊಳ್ಳಿ. ಸಾಗಣೆ ಖರ್ಚು ಉಳಿಯುತ್ತದೆ, ಅಳತೆ ಸರಿಯಾಗುತ್ತದೆ, ಅಲ್ಲಿನ ಅಂಗಡಿಯವರಿಗೂ ವ್ಯಾಪಾರ. ಲ್ಯಾಪ್‌ಟಾಪ್ ಕೊಡುವುದಾದರೆ ಅದನ್ನು ರಿಪೇರಿ ಮಾಡುವವರು ಯಾರು ಎಂದು ಮೊದಲು ಯೋಚಿಸಿ.

ಹಣ ಕೊಟ್ಟರೆ ಸಾಕಾ?

ಸಾಕು, ಎಷ್ಟೋ ಸಲ ಅದೇ ಉತ್ತಮ. ನಿಮ್ಮ ವಿಮಾನದ ಟಿಕೆಟ್ ಹಣವನ್ನೇ ಕಳಿಸಿದರೆ ಜಾಸ್ತಿ ಉಪಯೋಗವಾಗುತ್ತದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಜನ ಕಟ್ಟಡಕ್ಕೆ ಕೊಡುತ್ತಾರೆ, ಗೋಡೆ ಮೇಲೆ ಹೆಸರು ಬರುತ್ತದೆ. ಟೀಚರ್ ಸಂಬಳಕ್ಕೆ, ಚಳಿಗಾಲದ ಸೌದೆಗೆ, ಅಡುಗೆಯವರ ಸಂಬಳಕ್ಕೆ ಕೊಡುವವರು ಕಮ್ಮಿ. ಶಾಲೆ ನಿಂತಿರುವುದು ಅದರ ಮೇಲೆ. ಕೊಡುವುದಾದರೆ ಅದಕ್ಕೆ ಕೊಡಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡಿ.

80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನಗದು 2,000 ರೂಪಾಯಿ ಮೀರಿದರೆ ಅದು ಸಿಗುವುದಿಲ್ಲ. ವಸ್ತು ಕೊಟ್ಟರೂ ಸಿಗುವುದಿಲ್ಲ. ವಿದೇಶಿ ಪೌರತ್ವ ಪಡೆದವರು ಕೊಡುವ ಹಣ ವಿದೇಶಿ ದೇಣಿಗೆ ಆಗುತ್ತದೆ. ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಅದೂ ಅದಕ್ಕೆಂದೇ ಇರುವ ಖಾತೆಗೆ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ.

ಒಂದೇ ಮಗುವಿನ ಖರ್ಚು ನೋಡಿಕೊಳ್ಳಬಹುದಾ?

ಕೆಲವು ಶಾಲೆಗಳಲ್ಲಿ ಆ ವ್ಯವಸ್ಥೆ ಇದೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಒಂದು ಮಗುವಿಗೆ ಪತ್ರ, ಉಡುಗೊರೆ ಬರುತ್ತದೆ. ಪಕ್ಕದ ಹಾಸಿಗೆಯ ಮಗು ನೋಡುತ್ತಾ ಇರುತ್ತದೆ. ಪೂರ್ತಿ ಕ್ಲಾಸಿಗೆ ಕೊಡಿ. ಮಗುವಿನ ಹೆಸರಲ್ಲೇ ಕೊಡುತ್ತಿದ್ದರೆ ಅರ್ಧದಲ್ಲಿ ನಿಲ್ಲಿಸಬೇಡಿ.

ಶಾಲೆ ನಂಬಿಕೆಗೆ ತಕ್ಕದ್ದು ಎಂದು ಹೇಗೆ ತಿಳಿಯುವುದು?

ವಾರ್ಷಿಕ ಲೆಕ್ಕಪತ್ರ ಕೇಳಿ. ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಅಪ್ಪ ಅಮ್ಮ ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಬಹುದಾ, ರಜೆಗೆ ಮಕ್ಕಳನ್ನು ಮನೆಗೆ ಕಳಿಸುತ್ತಾರಾ ಎಂದು ಕೇಳಿ. ಈ ಕೊನೆಯ ಎರಡು ಪ್ರಶ್ನೆಗೆ ಉತ್ತರ ತಡವರಿಸಿದರೆ ಅಲ್ಲಿಗೆ ಹೋಗಬೇಡಿ. ಸ್ವಯಂಸೇವೆಗೆ ದೊಡ್ಡ ಮೊತ್ತ ಕೇಳುವ ಮಧ್ಯವರ್ತಿಗಳ ಬಳಿ, ಅದರಲ್ಲಿ ಶಾಲೆಗೆ ಎಷ್ಟು ಹೋಗುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ.

ನನ್ನ ಮಕ್ಕಳನ್ನೂ ಕರೆದುಕೊಂಡು ಹೋಗಲಾ?

ದೊಡ್ಡ ಮಕ್ಕಳಾದರೆ ಶಾಲೆಯನ್ನು ಕೇಳಿ ಕರೆದುಕೊಂಡು ಹೋಗಿ. ನಮ್ಮ ಮಗುವಿಗೆ ಕಷ್ಟ ಏನು ಎಂದು ತೋರಿಸಬೇಕು ಅನ್ನುವ ಉದ್ದೇಶ ಇದ್ದರೆ ಬೇಡ. ಆ ಮಕ್ಕಳು ಪ್ರದರ್ಶನಕ್ಕೆ ಇಲ್ಲ.

ಹೋಗಲು ಆಗುವುದಿಲ್ಲ. ಇಲ್ಲಿಂದಲೇ ಏನು ಮಾಡಬಹುದು?

ಇದನ್ನು ಕೇಳುವವರು ಕಮ್ಮಿ. ನಾನಂತೂ ಈ ಪ್ರಶ್ನೆಗೆ ಕಾಯುತ್ತಿರುತ್ತೇನೆ.

ಹನ್ನೆರಡನೇ ಕ್ಲಾಸ್ ಮುಗಿದ ಮೇಲೆ ಎಷ್ಟೋ ಲಡಾಖಿ ಮಕ್ಕಳು ಕಾಲೇಜಿಗೆ ಜಮ್ಮು, ಚಂಡೀಗಢ, ದೆಹಲಿಗೆ ಇಳಿದು ಬರುತ್ತಾರೆ. ಕೆಲವರು ಬೆಂಗಳೂರಿಗೂ ಬರುತ್ತಾರೆ. ಹದಿನೆಂಟು ವರ್ಷದ ಹುಡುಗಿ, ಕಣಿವೆ ಬಿಟ್ಟು ಮೊದಲ ಸಲ ಬಂದಿರುತ್ತಾಳೆ. ಮುಖ ನೋಡಿ ಎಲ್ಲಿಯವಳು, ಯಾವ ದೇಶದವಳು ಎಂದು ಕೇಳುತ್ತಾರೆ. ಪಿಜಿ ಸಿಗುವುದಿಲ್ಲ. ಸೆಕೆ ತಡೆಯಲು ಆಗುವುದಿಲ್ಲ. ಹಾಸ್ಟೆಲ್ ಶಾಲೆ ಹನ್ನೆರಡು ವರ್ಷ ಕಷ್ಟಪಟ್ಟು ಬೆಳೆಸಿದ ಮಗು ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟು ವಾಪಸ್ ಹೋಗುವುದು ಹೀಗೇ. ಅಂಥವರಿಗೆ ಒಂದು ಮನೆಯ ಪರಿಚಯ ಬೇಕು. ಭಾನುವಾರ ಊಟಕ್ಕೆ ಕರೆಯಿರಿ. ಕಾಲೇಜಿನ ಅರ್ಜಿ ತುಂಬಿಸಿ. ಜ್ವರ ಬಂದಾಗ ಆಸ್ಪತ್ರೆಗೆ ಜೊತೆಗೆ ಹೋಗಿ. ಶಾಲೆಗೆ ಫೋನ್ ಮಾಡಿ ನಿಮ್ಮ ಊರಿಗೆ ಯಾರಾದರೂ ಬರುತ್ತಿದ್ದಾರಾ ಎಂದು ಕೇಳಿದರೆ ಅವರೇ ಹೇಳುತ್ತಾರೆ.

ನಮಗೂ ಲಡಾಖ್‌ಗೂ ನಂಟು ಹೊಸದೇನಲ್ಲ. ಬೈಲಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾದೆನ್ ಎಂಬ ಟಿಬೆಟನ್ ಬೌದ್ಧ ಮಠಗಳಲ್ಲಿ ಲಡಾಖ್‌ನ ಹುಡುಗರು ಓದುತ್ತಿದ್ದಾರೆ. ನಾನು ಕರ್ನಾಟಕದವನು ಅಂದಾಗ ಅಡುಗೆಮನೆಯಲ್ಲಿದ್ದ ಒಬ್ಬ ಅಜ್ಜಿ, "ಮುಂಡಗೋಡಾ? ನನ್ನ ಮೊಮ್ಮಗ ಅಲ್ಲೇ ಇದ್ದಾನೆ. ತುಂಬಾ ಮಳೆಯಂತೆ ಅಲ್ವಾ?" ಎಂದು ಕೇಳಿದರು. ಆ ಹುಡುಗನಿಗೆ ಅಲ್ಲಿ ಯಾರಾದರೂ ಒಳ್ಳೆಯ ಮಾತಾಡಿರಲಿ ಎಂದು ಆ ಕ್ಷಣ ನನಗೆ ತುಂಬ ಅನಿಸಿತು.

ವಾಪಸ್ ಬಂದ ಮೇಲೆ?

ಒಂದು ವಾರದೊಳಗೆ ಶಾಲೆಗೆ ಎರಡು ಪುಟ ಬರೆದು ಕಳಿಸಿ. ಏನು ಮಾಡಿದಿರಿ, ಎಲ್ಲಿಗೆ ನಿಲ್ಲಿಸಿದಿರಿ, ಯಾವ ಮಗು ಯಾವ ಪುಸ್ತಕದ ಯಾವ ಪುಟದಲ್ಲಿದೆ. ಮುಂದೆ ಬರುವವರು ಅಲ್ಲಿಂದ ಶುರು ಮಾಡಲಿ. ಇದನ್ನು ಬರೆಯದೆ ಹೋದರೆ ಪ್ರತಿ ವರ್ಷ ಎಲ್ಲರೂ ಎಬಿಸಿಡಿಯಿಂದಲೇ ಹೊಸದಾಗಿ ಕಲಿಸುತ್ತಾರೆ.

ಮಕ್ಕಳಿಗೆ ಏನಾದರೂ ಕಳಿಸುತ್ತೇನೆ ಎಂದಿದ್ದರೆ ಅದನ್ನು ಅಕ್ಟೋಬರ್‌ಗೆ ಮುಂಚೆ ಕಳಿಸಿ. ಆಮೇಲೆ ಹಿಮ ಬಿದ್ದು ರಸ್ತೆ ಮುಚ್ಚಬಹುದು. ಡಿಸೆಂಬರ್ ಹೊತ್ತಿಗೆ ಲಡಾಖಿಗಳ ಹೊಸ ವರ್ಷದ ಲೋಸರ್ ಹಬ್ಬ ಬರುತ್ತದೆ. ಆಗ ಫೋನ್ ಮಾಡಿದರೆ ಮಕ್ಕಳು ಸಿಗುವುದಿಲ್ಲ, ಎಲ್ಲ ಅವರವರ ಮನೆಯಲ್ಲಿ, ಅವರವರ ಅಮ್ಮನ ಹತ್ತಿರ ಇರುತ್ತಾರೆ. ಮಾರ್ಚ್‌ನಲ್ಲಿ ಶಾಲೆ ತೆರೆದ ವಾರ ಫೋನ್ ಮಾಡಿ. ಹೊಸ ಮಕ್ಕಳು ಮನೆ ನೆನೆದು ಅಳುವ ವಾರ ಅದು. ವಾರ್ಡನ್ ಅಮಾ-ಲೇಗೆ ಮಾತಾಡಲು ಯಾರಾದರೂ ಬೇಕಿರುತ್ತಾರೆ.